ಹೋಮ್‌ಸ್ಟೆಡ್ ಜಮೀನು ಮಾಡಿದ ಪೂರ್ವಿಕರ ಮೂಲ ಹುಡುಕಿದವರು ದಯವಿಟ್ಟು ಅನುಭವ ತಿಳಿಸಿ

ಒಮಾಹಾದ ಅಳಿಯ:
ಎಲ್ಲರಿಗೂ ನಮಸ್ಕಾರ. ನನ್ನ ಪತ್ನಿಯ ಮನೆಯವರು ನೆಬ್ರಾಸ್ಕಾದವರು. ನಮ್ಮ ಅತ್ತೆಯವರ ಅಜ್ಜ 1880ರ ದಶಕದಲ್ಲಿ ಜರ್ಮನಿಯಿಂದ ಬಂದು ಕಸ್ಟರ್ ಕೌಂಟಿಯಲ್ಲಿ 160 ಎಕರೆ ಹೋಮ್‌ಸ್ಟೆಡ್ ಮಾಡಿದರೆಂದು, ಅಂದರೆ 1862ರ ಕಾಯ್ದೆಯಂತೆ ಅಲ್ಲೇ ವಾಸಿಸಿ ಸಾಗುವಳಿ ಮಾಡುವವರಿಗೆ ಸರ್ಕಾರ ಬೆಲೆಯಿಲ್ಲದೆ ಕೊಡುತ್ತಿದ್ದ ಜಮೀನು ಪಡೆದರೆಂದು, ಮನೆಯಲ್ಲಿ ಹೇಳುತ್ತಾರೆ. ಆದರೆ ಸರ್ಕಾರದ ಭೂದಾಖಲೆಗಳ ಜಾಲತಾಣದಲ್ಲಿ ಅವರ ಹೆಸರು ಸಿಗುತ್ತಿಲ್ಲ. ನಮ್ಮ ಬಳಿ ಇರುವುದು ಒಂದೇ ಫೋಟೊ. ಹುಲ್ಲಿನ ಬೇರುಸಮೇತ ಕತ್ತರಿಸಿದ ಹೆಂಟೆಗಳಿಂದ ಕಟ್ಟಿದ ಮನೆಯ ಮುಂದೆ ಮೇಜು, ಗೋಡೆ ಗಡಿಯಾರ, ಒಂದು ಹಸು ಮತ್ತು ಏಳು ಜನ ಇದ್ದಾರೆ. ಅಕ್ಟೋಬರ್‌ನಲ್ಲಿ ಅತ್ತೆಯವರಿಗೆ ಎಂಬತ್ತು ತುಂಬುತ್ತದೆ. ಅಷ್ಟರೊಳಗೆ ಅವರ ಕೈಗೆ ಏನಾದರೂ ಕೊಡಬೇಕೆಂಬ ಆಸೆ. ಎಲ್ಲಿಂದ ಆರಂಭಿಸಿದಿರಿ, ಎಷ್ಟು ಖರ್ಚಾಯಿತು ಎಂದು ತಿಳಿಸಿದರೆ ಉಪಕಾರವಾಗುತ್ತದೆ.

ಕೊಪ್ಪದವಳು, ಮಿನಿಯಾಪೊಲಿಸ್:
ನಾನು ಈ ಕೆಲಸದಲ್ಲಿ ಮೂರು ವರ್ಷ ಕಳೆದಿದ್ದೇನೆ, ಅದರಲ್ಲಿ ಎರಡು ವರ್ಷ ಪೂರ್ತಿ ವ್ಯರ್ಥವಾಯಿತು. ನನ್ನ ಪತಿಯ ಮುತ್ತಜ್ಜ ನಾರ್ವೆಯವರು, ಡಕೋಟಾ ಪ್ರಾಂತ್ಯದಲ್ಲಿ ಜಮೀನು ಹಿಡಿದವರು. ಹೆಸರು ಮತ್ತು ಕೌಂಟಿ ಮಾತ್ರ ನಂಬಿ ರಾಷ್ಟ್ರೀಯ ಪತ್ರಾಗಾರದಿಂದ ಕಡತದ ಪ್ರತಿ ತರಿಸಿದೆ. 50 ಡಾಲರ್ ಕಟ್ಟಿ ಒಂಬತ್ತು ವಾರ ಕಾದ ಮೇಲೆ ಬಂದದ್ದು ಅದೇ ಹೆಸರಿನ ಇನ್ನೊಬ್ಬರ ಕಡತ. ಅಪ್ಪನ ಹೆಸರಿಗೆ ‘ಸನ್’ ಸೇರಿಸಿಕೊಳ್ಳುವ ಆ ಜನರಲ್ಲಿ ಒಂದೇ ಹೆಸರಿನವರು ಊರಿಗೆ ನಾಲ್ವರಿರುತ್ತಾರೆ ಎಂಬುದನ್ನು ನಾನು ಹಣ ಕಳೆದುಕೊಂಡು ಕಲಿತೆ.

ನಮ್ಮವರ ಕಡತ ಸಿಗದಿರಲು ನಿಜವಾದ ಕಾರಣ ಬೇರೆಯೇ ಇತ್ತು. ಅರ್ಜಿ ಹಾಕಿದ್ದು ಗಂಡ, ಆದರೆ ನಾಲ್ಕನೆಯ ವರ್ಷ ಅವರು ತೀರಿಕೊಂಡರು. ಐದು ವರ್ಷದ ವಾಸ ಮತ್ತು ಸಾಗುವಳಿ ಮುಗಿಸಿ ಇಬ್ಬರು ಸಾಕ್ಷಿಗಳೊಂದಿಗೆ ಅಂತಿಮ ಪ್ರಮಾಣ ಕೊಟ್ಟದ್ದು ಅವರ ಹೆಂಡತಿ, ಆದ್ದರಿಂದ ಪೇಟೆಂಟ್, ಅಂದರೆ ನಮ್ಮ ಕಡೆಯ ಸಾಗುವಳಿ ಚೀಟಿಯಂಥದ್ದು, ಆಕೆಯ ಹೆಸರಿಗೇ ಬಂತು. ಸತ್ತವರ ಹೆಸರನ್ನು ನಾನು ಎರಡು ವರ್ಷ ಹುಡುಕಿದ್ದೆ.

ಎರಡನೆಯ ಬಾರಿ ಮತ್ತೆ 50 ಡಾಲರ್ ಕಟ್ಟಿದೆ, 34 ಪುಟ ಬಂತು. ಅರ್ಜಿಯ ದಿನ ಕಟ್ಟಿದ 14 ಡಾಲರ್‌ಗೆ ಒಂದು ರಶೀದಿ, ಕೊನೆಯಲ್ಲಿ ಕಟ್ಟಿದ 4 ಡಾಲರ್‌ಗೆ ಇನ್ನೊಂದು. ಹನ್ನೆರಡು ಅಡಿ ಅಗಲ, ಹದಿನಾಲ್ಕು ಅಡಿ ಉದ್ದದ ಹೆಂಟೆಮನೆ, ಒಂದು ಬಾಗಿಲು, ಎರಡು ಕಿಟಕಿ, 38 ಅಡಿ ಬಾವಿ, ಉತ್ತ ನೆಲ 45 ಎಕರೆ. ಜಮೀನು ಬಿಟ್ಟು ಎಷ್ಟು ದಿನ ಹೊರಗಿದ್ದಿರಿ ಎಂಬ ಪ್ರಶ್ನೆಗೆ ಆಕೆ, ಗಂಡ ಪ್ರತಿ ಶರತ್ಕಾಲ ಕೂಲಿಗೆ ಹೋಗುತ್ತಿದ್ದರು, ನಾನು ಮತ್ತು ಮಕ್ಕಳು ಒಂದು ದಿನವೂ ಹೋಗಿಲ್ಲ ಎಂದಿದ್ದಾರೆ. ಕೆಳಗೆ ಸಹಿ ಇಲ್ಲ, ಒಂದು ಗುಣಾಕಾರ ಚಿಹ್ನೆ ಇದೆ, ಅದರ ಬಲಗಾಲು ಶಾಯಿ ಹೆಚ್ಚಾಗಿ ಹರಡಿಕೊಂಡಿದೆ. ನಮ್ಮಜ್ಜಿ ಭೂನ್ಯಾಯ ಮಂಡಳಿಗೆ ಕೊಟ್ಟ ಏಳನೇ ನಮೂನೆಯ ಮೇಲಿನ ಹೆಬ್ಬೆಟ್ಟಿನ ಗುರುತು ನೆನಪಾಗಿ ಬಹಳ ಹೊತ್ತಿನವರೆಗೆ ಆ ಪುಟವನ್ನು ಮುಂದಕ್ಕೆ ತಿರುಗಿಸಲು ನನ್ನಿಂದ ಆಗಲೇ ಇಲ್ಲ.

ಕಡತಪ್ರಿಯ, ವಿಚಿಟಾ:
ನೂರು ಡಾಲರ್ ಕೊಡುವ ಅಗತ್ಯವೇ ಇರಲಿಲ್ಲ ಎಂದು ಹೇಳಲು ನನಗೆ ಬೇಸರವಾಗುತ್ತದೆ. ಪೇಟೆಂಟ್ ಜಾಲತಾಣದಲ್ಲಿ ಗೆದ್ದವರ ಹೆಸರು ಮಾತ್ರ ಇರುತ್ತದೆ. ಅರ್ಜಿ ಹಾಕಿ ಬಿಟ್ಟುಹೋದವರು, ರದ್ದಾದವರು ಅಲ್ಲಿ ಎಂದೂ ಕಾಣುವುದಿಲ್ಲ. ಅವರೆಲ್ಲ ಇರುವುದು ಟ್ರ್ಯಾಕ್ಟ್ ಬುಕ್ಕುಗಳಲ್ಲಿ, ಅಂದರೆ ಯಾವ ನೆಲಕ್ಕೆ ಯಾರು ಅರ್ಜಿ ಹಾಕಿದರೆಂದು ಭೂಕಚೇರಿ ಬರೆದಿಟ್ಟ ಪುಸ್ತಕಗಳಲ್ಲಿ. ಅವು ವಂಶಾವಳಿ ಜಾಲತಾಣವಾದ ಫ್ಯಾಮಿಲಿಸರ್ಚ್‌ನಲ್ಲಿ ಉಚಿತವಾಗಿ ಸಿಗುತ್ತವೆ.

ನನ್ನ ಪತ್ನಿಯ ಪೂರ್ವಿಕರು ಕ್ಯಾನ್ಸಸ್‌ನಲ್ಲಿ 1872ರಲ್ಲಿ ಅರ್ಜಿ ಹಾಕಿದವರು. 1874ರ ಮಿಡತೆ ಹಾವಳಿ ಬಂತು, ಬೆಳೆಯೆಲ್ಲ ಹೋಯಿತು, ಅವರು ಜಮೀನು ಬಿಟ್ಟುಕೊಟ್ಟು ಹೊರಟರು. ಟ್ರ್ಯಾಕ್ಟ್ ಬುಕ್ಕಿನಲ್ಲಿ ಅವರ ಹೆಸರಿನ ಮೇಲೆ ಒಂದು ಗೀಟು ಎಳೆದು, ಪಕ್ಕದಲ್ಲಿ ರದ್ದು ಎಂದು ದಿನಾಂಕ ಬರೆದು, ಅದೇ ಸಾಲಿನ ಕೆಳಗೆ ಇನ್ನೊಬ್ಬರ ಹೆಸರು ಸೇರಿಸಿದ್ದಾರೆ. ಆ ಒಂದು ಗೀಟನ್ನು ಹುಡುಕಲು ಕೈಬರಹದ ಹಾಳೆಗಳನ್ನು ನಾನು ಹನ್ನೊಂದು ರಾತ್ರಿ ನೋಡಿದ್ದೇನೆ. ರದ್ದಾದ ಅರ್ಜಿಗಳ ಕಡತಗಳೂ ಪತ್ರಾಗಾರದಲ್ಲಿ ಇವೆ. 1890ರ ಜನಗಣತಿ 1921ರ ಬೆಂಕಿಯ ಪಾಲಾಯಿತೆಂದು ಅಳುವವರು ರಾಜ್ಯ ಗಣತಿಗಳನ್ನು ತೆರೆದು ನೋಡುವುದಿಲ್ಲ. ಕ್ಯಾನ್ಸಸ್‌ನ 1885ರ ಗಣತಿಯಲ್ಲಿ ಎಲ್ಲಿಂದ ಬಂದಿರಿ ಎಂಬ ಅಂಕಣವೇ ಇದೆ. ಅದರಲ್ಲಿದ್ದ ಇಲಿನಾಯ್ ಎಂಬ ಒಂದು ಪದ ನನ್ನ ಹುಡುಕಾಟದ ದಿಕ್ಕನ್ನೇ ಬದಲಿಸಿತು. ನೆಬ್ರಾಸ್ಕಾಕ್ಕೂ 1885ರ ಗಣತಿ ಇದೆ, ಅಳಿಯನವರು ಅದನ್ನು ನೋಡಬೇಕು.

ಹಣ ಕೊಟ್ಟು ಸಂಶೋಧಕರನ್ನು ಹಿಡಿಯುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ. ಅದು ನಮ್ಮ ಮನೆಯ ಶ್ರಾದ್ಧಕ್ಕೆ ಬೇರೆಯವರನ್ನು ಕೂರಿಸಿದಂತೆ.

ಮಂಡ್ಯದವನು, ಲಿಂಕನ್:
ಆ ಕೊನೆಯ ಮಾತನ್ನು ನೀವು ಹಿಂತೆಗೆದುಕೊಳ್ಳಬೇಕು. ಶ್ರಾದ್ಧವನ್ನೂ ಪುರೋಹಿತರನ್ನು ಕರೆದೇ ಮಾಡುತ್ತೇವೆ. ನಾನು ರಾತ್ರಿ ಪಾಳಿಯಲ್ಲಿ ದುಡಿಯುವವನು, ಹನ್ನೊಂದು ರಾತ್ರಿ ಹಾಳೆ ತಿರುಗಿಸುವ ಭಾಗ್ಯ ನನಗಿಲ್ಲ.

ನನ್ನ ಲೆಕ್ಕ ಇಲ್ಲಿದೆ. ಮೊದಲು ಹಿಡಿದ ಒಬ್ಬರಿಗೆ 600 ಡಾಲರ್ ಕೊಟ್ಟೆ. ಅವರು ಕಳುಹಿಸಿದ್ದು ಅಂತರ್ಜಾಲದಲ್ಲಿ ಯಾರೋ ಹಾಕಿದ್ದ ವಂಶವೃಕ್ಷದ ಮುದ್ರಿತ ಪ್ರತಿ. ಅದರಲ್ಲಿ ನಮ್ಮ ಮಾವನವರ ಮುತ್ತಜ್ಜ ಹುಟ್ಟಿದಾಗ ಅವರ ತಾಯಿಗೆ ಐದು ವರ್ಷ. ಅದೇ ತಪ್ಪನ್ನು ಹದಿನಾರು ವಂಶವೃಕ್ಷಗಳು ಒಂದರಿಂದೊಂದು ನಕಲು ಮಾಡಿಕೊಂಡಿದ್ದವು. ಎರಡನೆಯವರು ಗಂಟೆಗೆ 70 ಡಾಲರ್‌ನಂತೆ 20 ಗಂಟೆ ಕೆಲಸ ಮಾಡಿದರು, ಅದು 1,400. ಅನುವಾದಕ್ಕೆ 180, ಪ್ರತಿಗಳಿಗೆ 95. ಒಟ್ಟು 2,275 ಡಾಲರ್.

ಈ ಹಣಕ್ಕೆ ಏನು ಸಿಕ್ಕಿತೆಂದು ಕೇಳುವವರಿಗೆ ಉತ್ತರ: ಒಂದು ಹಳ್ಳಿಯ ಹೆಸರು. ಜನಗಣತಿಯಲ್ಲಿ ಜನ್ಮಸ್ಥಳದ ಜಾಗದಲ್ಲಿ ಪ್ರಷ್ಯಾ (ಅಂದಿನ ದೊಡ್ಡ ಜರ್ಮನ್ ರಾಜ್ಯ) ಎಂದಷ್ಟೇ ಬರೆದಿತ್ತು. ಇಡೀ ಕರ್ನಾಟಕವನ್ನು ತೋರಿಸಿ ನಮ್ಮೂರು ಇಲ್ಲೇ ಎಲ್ಲೋ ಇದೆ ಎಂದಂತೆ. ಹ್ಯಾಂಬರ್ಗ್ ಬಂದರಿನ ಪ್ರಯಾಣಿಕರ ಪಟ್ಟಿಗಳು 1850ರಿಂದ ಉಳಿದಿವೆ, ಆದರೆ ನಮ್ಮವರು ಹೊರಟದ್ದು ಬ್ರೆಮೆನ್‌ನಿಂದ, ಅಲ್ಲಿನ ಹಳೆಯ ಪಟ್ಟಿಗಳು ಬಹುಪಾಲು ಉಳಿದಿಲ್ಲ. ಕೊನೆಗೆ ಹಳ್ಳಿಯ ಹೆಸರು ಸಿಕ್ಕಿದ್ದು ಸಮುದ್ರದಾಚೆ ಅಲ್ಲ, ನೆಬ್ರಾಸ್ಕಾದ ಒಂದು ಸಣ್ಣ ಲೂಥರನ್ ಚರ್ಚಿನ ಮರಣ ದಾಖಲೆಯಲ್ಲಿ, ಹಳೆಯ ಜರ್ಮನ್ ಕೈಬರಹದ ಮೂರು ಸಾಲಿನಲ್ಲಿ. ಆ ಬರಹದಲ್ಲಿ ‘ಇ’ ಮತ್ತು ‘ಎನ್’ ಅಕ್ಷರಗಳು ನನ್ನ ಕಣ್ಣಿಗೆ ಒಂದೇ. ಓದಲು ಬಲ್ಲವರಿಗೆ ಹಣ ಕೊಟ್ಟೆ, ಅದಕ್ಕೆ ನಾಚಿಕೆಪಡುವುದಿಲ್ಲ.

ಕಡತಪ್ರಿಯ, ವಿಚಿಟಾ:
ಆ ಬರಹವನ್ನು ಆರು ವಾರದಲ್ಲಿ ಕಲಿಯಬಹುದು, ನಾನು ಕಲಿತಿದ್ದೇನೆ. ನೀವು ಮೊದಲ 600 ಡಾಲರ್ ಕಳೆದುಕೊಂಡದ್ದೇ ನನ್ನ ಮಾತಿಗೆ ಸಾಕ್ಷಿ. ಆದರೂ ಶ್ರಾದ್ಧದ ಮಾತು ಅತಿಯಾಯಿತು, ಅದನ್ನು ಬಿಡುತ್ತೇನೆ.

ಹುಬ್ಬಳ್ಳಿ ಅಜ್ಜ, ಫೀನಿಕ್ಸ್:
ಇಷ್ಟೆಲ್ಲ ಏಕೆ? ನಮ್ಮ ಅಳಿಯನ ಮನೆತನದ ಹೆಸರನ್ನು ನ್ಯೂಯಾರ್ಕಿನ ವಲಸಿಗರ ತಪಾಸಣಾ ಕೇಂದ್ರವಾದ ಎಲ್ಲಿಸ್ ಐಲೆಂಡಿನ ಗುಮಾಸ್ತರು ತಪ್ಪಾಗಿ ಬರೆದು ಬದಲಿಸಿಬಿಟ್ಟರು, ಅದಕ್ಕೇ 1883ರಲ್ಲಿ ಬಂದ ಅವರ ಮೂಲ ಯಾರಿಗೂ ಸಿಗಲಿಲ್ಲ. ಒಮಾಹಾದವರದ್ದೂ ಅದೇ ಕಥೆ ಇರಬೇಕು.

ಕೊಪ್ಪದವಳು, ಮಿನಿಯಾಪೊಲಿಸ್:
ಅಜ್ಜ, ಕ್ಷಮಿಸಿ, ಈ ಕಥೆಯಿಂದಾಗಿಯೇ ಎಷ್ಟೋ ಜನ ಹುಡುಕಾಟ ಕೈಬಿಡುತ್ತಾರೆ. ಎಲ್ಲಿಸ್ ಐಲೆಂಡ್ ತೆರೆದದ್ದೇ 1892ರ ಜನವರಿ 1ರಂದು. 1883ರಲ್ಲಿ ನ್ಯೂಯಾರ್ಕಿಗೆ ಬಂದವರು ಇಳಿದದ್ದು ಅದಕ್ಕೂ ಮುಂಚಿನ ಕೇಂದ್ರವಾದ ಕ್ಯಾಸಲ್ ಗಾರ್ಡನ್‌ನಲ್ಲಿ. ಎಲ್ಲಿಸ್ ಐಲೆಂಡಿನಲ್ಲೂ ಗುಮಾಸ್ತರು ಹಡಗಿನವರು ಮೊದಲೇ ಬರೆದು ತಂದ ಪಟ್ಟಿ ಹಿಡಿದು ವಿಚಾರಿಸುತ್ತಿದ್ದರೇ ಹೊರತು ಹೊಸ ಹೆಸರು ಇಡುತ್ತಿರಲಿಲ್ಲ. ಹೆಸರು ಬದಲಾದದ್ದು ಆಮೇಲೆ, ಶಾಲೆಯಲ್ಲಿ, ಅಂಗಡಿಯಲ್ಲಿ, ಅವರವರ ಕೈಯಿಂದಲೇ. ನನ್ನ ಪತಿಯ ಮನೆಯವರು ನಾರ್ವೆಯ ತಮ್ಮ ಹೊಲಮನೆಯ ಹೆಸರನ್ನು ಕೆಲವು ವರ್ಷ ಇಟ್ಟುಕೊಂಡು ನಂತರ ಬಿಟ್ಟರು. ಬಿಟ್ಟ ಆ ಹೆಸರೇ ನಾರ್ವೆಯ ಉಚಿತ ಡಿಜಿಟಲ್ ಪತ್ರಾಗಾರದಲ್ಲಿ ನಮಗೆ ದಾರಿಯಾಯಿತು.

ಹುಬ್ಬಳ್ಳಿ ಅಜ್ಜ, ಫೀನಿಕ್ಸ್:
ಅಳಿಯನ ತಾಯಿ ಹೇಳಿದ್ದು ಸುಳ್ಳೇನಮ್ಮ? ಮನೆಯ ಹಿರಿಯರ ಮಾತಿಗೆ ಕಾಗದಕ್ಕಿಂತ ಕಡಿಮೆ ಬೆಲೆಯೇ?

ಸಹ್ಯಾದ್ರಿ, ಡೆನ್ವರ್:
ಇಷ್ಟು ಉತ್ತರಗಳಲ್ಲಿ ಒಬ್ಬರೂ ಹೇಳದ ಮಾತನ್ನು ನಾನು ಹೇಳುತ್ತೇನೆ. ಕಸ್ಟರ್ ಕೌಂಟಿ ಇರುವ, ಪ್ಲ್ಯಾಟ್ ಮತ್ತು ಲೂಪ್ ನದಿಗಳ ಆ ಸೀಮೆ ಪಾನೀ ಎಂಬ ಮೂಲನಿವಾಸಿ ಜನರದ್ದು. 1857ರ ಒಪ್ಪಂದದಲ್ಲಿ ಅವರ ನೆಲದ ಬಹುಭಾಗ ಹೋಯಿತು, 1870ರ ದಶಕದಲ್ಲಿ ಅವರು ನೆಬ್ರಾಸ್ಕಾವನ್ನೇ ಬಿಟ್ಟು ಇಂಡಿಯನ್ ಪ್ರಾಂತ್ಯಕ್ಕೆ (ಇಂದಿನ ಒಕ್ಲಹೋಮ) ಹೋಗಬೇಕಾಯಿತು. ಅದಾಗಿ ಹತ್ತು ವರ್ಷದಲ್ಲಿ ನಿಮ್ಮ ಫೋಟೊದ ಹಸು ಅಲ್ಲಿ ಮೇಯುತ್ತಿತ್ತು. ನಾನು ನನ್ನ ಪತಿಯ ಮನೆತನದ ಚರಿತ್ರೆ ಬರೆದಾಗ ಮೊದಲ ಅಧ್ಯಾಯವನ್ನು ಇದಕ್ಕೇ ಕೊಟ್ಟೆ. ಇಬ್ಬರು ಚಿಕ್ಕಮಾವಂದಿರು ಇಂದಿಗೂ ನನ್ನೊಡನೆ ಮಾತನಾಡುವುದಿಲ್ಲ. ಆ ಅಧ್ಯಾಯವನ್ನು ನಾನು ತೆಗೆಯಲಿಲ್ಲ.

ಕಡತಪ್ರಿಯ, ವಿಚಿಟಾ:
ಕೇಳಿದವರ ಪ್ರಶ್ನೆ ಕಡತದ ಬಗ್ಗೆ. ಎಂಬತ್ತರ ಹುಟ್ಟುಹಬ್ಬಕ್ಕೆ ವೃದ್ಧೆಯೊಬ್ಬರ ಕೈಗೆ ಆರೋಪಪಟ್ಟಿ ಕೊಡುವುದು ಸರಿಯಲ್ಲ. ಮಿಡತೆಗೆ ಎಲ್ಲ ಕಳೆದುಕೊಂಡ ಬಡ ರೈತ ಯಾವ ಒಪ್ಪಂದಕ್ಕೂ ರುಜು ಹಾಕಿದವನಲ್ಲ.

ಸಹ್ಯಾದ್ರಿ, ಡೆನ್ವರ್:
ರೈತನ ಕಷ್ಟವನ್ನು ನಾನು ಅಲ್ಲಗಳೆದಿಲ್ಲ. 1862ರ ಕಾಯ್ದೆಯ ನೆಲಕ್ಕೆ ಬೆಲೆಯಿರಲಿಲ್ಲ, ಶುಲ್ಕ ಮಾತ್ರ ಎಂದು ನೀವೆಲ್ಲ ಹೆಮ್ಮೆಯಿಂದ ಬರೆಯುತ್ತೀರಿ. ಆ ಬೆಲೆಯನ್ನು ಕೊಟ್ಟವರು ಯಾರೆಂಬುದೂ ಅದೇ ಕಡತದ ಹಿಂದಿನ ಪುಟ. ನಮ್ಮ ತಂದೆಯ ಊರು ಶರಾವತಿಯಲ್ಲಿ ಮುಳುಗಿತು. ನೆಲ ಬಿಟ್ಟು ಎದ್ದುಹೋದವರ ಹೆಸರು ಯಾವ ಪಹಣಿಯಲ್ಲೂ ಉಳಿಯುವುದಿಲ್ಲ ಎಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು.

ಇನ್ನು ಅಳಿಯನವರ ಫೋಟೊದ ವಿಷಯ. ಸಾಲಮನ್ ಬುಚರ್ ಎಂಬ ಛಾಯಾಗ್ರಾಹಕರು 1886ರಿಂದ ಕಸ್ಟರ್ ಕೌಂಟಿಯ ಹೆಂಟೆಮನೆಗಳ ಮುಂದೆ ಕುಟುಂಬಗಳನ್ನು ನಿಲ್ಲಿಸಿ ಚಿತ್ರ ತೆಗೆದರು. ಮನೆಯ ಸಾಮಾನು, ದನಕರು ಎಲ್ಲವೂ ಅವುಗಳಲ್ಲಿ ಹೊರಗೆ ಬಂದಿರುತ್ತವೆ. ಆ ಸಂಗ್ರಹ ನೆಬ್ರಾಸ್ಕಾ ರಾಜ್ಯದ ಇತಿಹಾಸ ಸಂಸ್ಥೆಯಲ್ಲಿದೆ. ನಿಮ್ಮದು ಅವುಗಳಲ್ಲಿ ಒಂದಾಗಿದ್ದರೆ ವರ್ಷ ಮತ್ತು ಸ್ಥಳ ಸಿಗಬಹುದು.

ಮಂಡ್ಯದವನು, ಲಿಂಕನ್:
ಸಹ್ಯಾದ್ರಿಯವರ ಮಾತು ನನಗೆ ಒಪ್ಪಿಗೆ. ನನ್ನ 2,275 ಡಾಲರ್‌ನಲ್ಲಿ ಈ ಒಂದು ಪುಟ ಬರಲಿಲ್ಲ.

ಒಮಾಹಾದ ಅಳಿಯ:
ಎಲ್ಲರಿಗೂ ಧನ್ಯವಾದ. ಕೊಪ್ಪದವರ ಅನುಭವ ಓದಿದ ಮೇಲೆ ಹೆಸರನ್ನು ಬಿಟ್ಟು ನೆಲವನ್ನು ಹಿಡಿದು ಹುಡುಕಿದೆ. ಅತ್ತೆಯವರ ತಗಡಿನ ಪೆಟ್ಟಿಗೆಯಲ್ಲಿ ಹಳೆಯ ಕಂದಾಯದ ರಶೀದಿಯೊಂದು ಸಿಕ್ಕಿತು. ಅದರಲ್ಲಿ ಟೌನ್‌ಶಿಪ್, ರೇಂಜ್, ಸೆಕ್ಷನ್ 14ರ ಈಶಾನ್ಯ ಕಾಲುಭಾಗ ಎಂದು ಚಕ್ಕುಬಂದಿ ಇತ್ತು. ಅದನ್ನು ಹಾಕಿದಾಗ ಪೇಟೆಂಟ್ ಬಂತು. ಹೆಸರು ಒಬ್ಬ ಹೆಂಗಸಿನದು. ಮೊದಲ ಹೆಸರು ಅತ್ತೆಯವರ ಅಜ್ಜಿಯದೇ, ಆದರೆ ಮನೆತನದ ಹೆಸರು ನಮ್ಮ ಮನೆಯಲ್ಲಿ ಯಾರೂ ಕೇಳಿದ್ದಲ್ಲ. ಆಕೆ ಮೊದಲು ಬೇರೆಯವರನ್ನು ಮದುವೆಯಾಗಿ ವಿಧವೆಯಾಗಿದ್ದರೋ, ಅರ್ಜಿ ಹಾಕಿದವರು ಆ ಮೊದಲ ಗಂಡನೋ ಎಂಬ ಪ್ರಶ್ನೆ ಈಗ ಎದುರಿಗಿದೆ. ಅಂತಿಮ ಪ್ರಮಾಣಪತ್ರದ ಸಂಖ್ಯೆ ಮತ್ತು ಭೂಕಚೇರಿಯ ಹೆಸರು ಎರಡನ್ನೂ ಬರೆದು, 50 ಡಾಲರ್ ಕಟ್ಟಿ ಕಡತಕ್ಕೆ ಕೇಳಿದ್ದೇನೆ. ಅತ್ತೆಯವರಿಗೆ ಇನ್ನೂ ಹೇಳಿಲ್ಲ. ಫೋಟೊದ ಏಳು ಜನರಲ್ಲಿ ಎತ್ತರದ ಇಬ್ಬರು ಹುಡುಗರು ಯಾರೆಂದು ಅವರು ನಿನ್ನೆಯೂ ಕೇಳುತ್ತಿದ್ದರು.