ಬಫಲೋದಲ್ಲಿ ಹಿಮಬಿರುಗಾಳಿ: ಮಗಳ ಮನೆಯವರಿಗೆ ಏನು ಹೇಳಲಿ?

ನೀರ್ಚಾಲಿನಿಂದ ಪ್ರಶ್ನೆ

ಮಗಳು, ಅಳಿಯ, ನಾಲ್ಕು ವರ್ಷದ ಪುಳ್ಳಿ ಇರುವುದು ಅಮೆರಿಕದ ಬಫಲೋದಲ್ಲಿ. ನಾಡಿದ್ದು ದೊಡ್ಡ ಹಿಮಬಿರುಗಾಳಿ ಅಂತ ಅಲ್ಲಿ ಎಚ್ಚರಿಕೆ ಕೊಟ್ಟಿದ್ದಾರೆ. ಅವರಿಗೆ ಅಲ್ಲಿ ಮೊದಲ ಚಳಿಗಾಲ. ಆಟಿಯ ಮಳೆಗೆ ಏನೇನು ತೆಗೆದಿಡಬೇಕೆಂದು ನಮಗೆ ಗೊತ್ತು, ಹಿಮದ್ದು ಗೊತ್ತಿಲ್ಲ. ಕರೆಂಟು ಹೋದರೆ ಗ್ಯಾಸ್ ಒಲೆ ಉರಿಸಿ ಮನೆ ಬಿಸಿ ಮಾಡಿದರೆ ಆಗದೇ?

ಉಪ್ಪಳದಿಂದ

ಅಣ್ಣ, ಅದೊಂದನ್ನು ಖಂಡಿತ ಮಾಡುವುದು ಬೇಡ. ನಮ್ಮ ಹಂಚಿನ ಮಾಡಿನಲ್ಲಿ ಸಂದುಸಂದಿನಿಂದ ಗಾಳಿಯಾಡುತ್ತದೆ. ಅಲ್ಲಿನ ಮನೆ ಚಳಿ ನುಗ್ಗದಂತೆ ಬಿಗಿಯಾಗಿ ಮುಚ್ಚಿರುತ್ತದೆ. ಒಲೆ ಉರಿದು ಒಳಗೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ತುಂಬಿದರೆ ಗೊತ್ತೇ ಆಗದು, ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮನೆಯವರಿಗೆಲ್ಲ ಒಟ್ಟಿಗೇ ತಲೆನೋವು, ವಾಕರಿಕೆ ಬಂದರೆ ಹೊರಗೆ ಬಂದು ಅಲ್ಲಿನ ತುರ್ತು ನಂಬರು 911ಕ್ಕೆ ಫೋನ್ ಮಾಡಬೇಕು. ಮನೆಯೊಳಗಿನ ಹೊಗೆ-ಅನಿಲದ ಅಲಾರ್ಮು ನಾಲ್ಕು ನಾಲ್ಕು ಸಲ ಕೂಗಿದರೆ ಈ ಅನಿಲ, ಮೂರು ಮೂರು ಸಲವಾದರೆ ಹೊಗೆ. ಅದರ ಬ್ಯಾಟರಿ ಇವತ್ತೇ ನೋಡಲಿ.

ಇನ್ನೊಂದು, ಹೆಚ್ಚಿನವರು ಮರೆಯುವುದು. ಮನೆ ಬಿಸಿ ಮಾಡುವ ಫರ್ನೇಸಿನ ಹೊಗೆ ಹೋಗಲು ಹಲವು ಮನೆಗಳಲ್ಲಿ ಗೋಡೆಯಿಂದ ಬಿಳಿ ಪಿವಿಸಿ ಪೈಪು ಹೊರಗೆ ಚಾಚಿರುತ್ತದೆ, ನಾವು ತೋಟಕ್ಕೆ ಹಾಕುವಂಥದ್ದೇ. ಅದು ನೆಲದಿಂದ ಹೆಚ್ಚು ಎತ್ತರವಿರುವುದಿಲ್ಲ. ಗಾಳಿ ಹಿಮವನ್ನು ಗೋಡೆಗೆ ರಾಶಿ ಹಾಕಿದಾಗ ಬಾಯಿ ಮುಚ್ಚಿಹೋಗುತ್ತದೆ. ಆಗ ಫರ್ನೇಸು ನಿಲ್ಲುತ್ತದೆ, ಇಲ್ಲದಿದ್ದರೆ ಹೊಗೆ ಒಳಗೇ ತಿರುಗುತ್ತದೆ. ಪೈಪು ಎಲ್ಲಿದೆಯೆಂದು ಹಿಮ ಬೀಳುವ ಮೊದಲೇ ನೋಡಿಟ್ಟು, ಗಾಳಿ ತಗ್ಗಿದಾಗಲೆಲ್ಲ ಸುತ್ತ ಕೆರೆದು ತೆಗೆಯಬೇಕು. ಫರ್ನೇಸು ಗ್ಯಾಸಿನದ್ದಾದರೂ ಫ್ಯಾನು ಕರೆಂಟಿನದ್ದು, ಕರೆಂಟು ಹೋದರೆ ಅದೂ ನಿಂತಿತು. ಜನರೇಟರು ಇದ್ದರೆ ಮನೆಯಿಂದ 6 ಮೀಟರ್ ದೂರ, ಗ್ಯಾರೇಜಿನ ಬಾಗಿಲು ತೆರೆದಿದ್ದರೂ ಒಳಗೆ ಬೇಡ.

ಕರೆಂಟಿಲ್ಲದಾಗ ಎಲ್ಲರೂ ಒಂದೇ ಸಣ್ಣ ಕೋಣೆಯಲ್ಲಿ ಸೇರಲಿ. ಬಾಗಿಲ ಕೆಳಗಿನ ಸಂದಿಗೆ ಟವೆಲು, ಕಿಟಕಿಗೆ ಕಂಬಳಿ. ದಪ್ಪದ್ದೊಂದರ ಬದಲು ತೆಳ್ಳಗಿನ ಮೂರು ಬಟ್ಟೆ ಒಂದರ ಮೇಲೊಂದು. ಪುಳ್ಳಿಗೆ ಟೊಪ್ಪಿ, ಒಣ ಕಾಲುಚೀಲ.

ಮಂಜೇಶ್ವರದಿಂದ

ನೀರಿನ ಪೈಪಿನ ಬಗ್ಗೆ ಯಾರೂ ಹೇಳಲಿಲ್ಲ. ನೀರು ಗಟ್ಟಿಯಾದಾಗ ಸುಮಾರು 9 ಶೇಕಡಾ ಹಿಗ್ಗುತ್ತದೆ. ಮಂಜಿನ ಗಡ್ಡೆಗೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿದ ನೀರಿನ ಒತ್ತಡ ಏರಿ ಪೈಪು ಒಡೆಯುತ್ತದೆ. ಹೊರಗೋಡೆಯ ಬದಿಯ ನಲ್ಲಿಯನ್ನು ಸಣ್ಣಗೆ ತೊಟ್ಟಿಕ್ಕಲು ಬಿಟ್ಟರೆ ಆ ಒತ್ತಡ ಇಳಿಯುತ್ತದೆ. ಸಿಂಕಿನ ಕೆಳಗಿನ ಕಪಾಟಿನ ಬಾಗಿಲೂ ತೆರೆದಿರಲಿ. ಪೈಪು ಒಡೆದರೆ ಇಡೀ ಮನೆಯ ನೀರು ನಿಲ್ಲಿಸುವ ಮೈನ್ ವಾಲ್ವ್ ಎಲ್ಲಿದೆಯೆಂದು ಇಬ್ಬರಿಗೂ ಗೊತ್ತಿರಲಿ. ಕುಡಿಯಲು, ಕೈಬಾಯಿ ತೊಳೆಯಲು ಸೇರಿ ತಲೆಗೆ ದಿನಕ್ಕೆ ಸುಮಾರು 4 ಲೀಟರ್ ನೀರು, ಕನಿಷ್ಠ ಮೂರು ದಿನಕ್ಕೆ. ಅವಲಕ್ಕಿ, ಬೆಲ್ಲ, ಹುರಿದ ನೆಲಗಡಲೆ ಇದ್ದರೆ ಒಲೆಯ ಹಂಗಿಲ್ಲ.

ಬದಿಯಡ್ಕದಿಂದ

2022ರ ಡಿಸೆಂಬರಿನಲ್ಲಿ ಅದೇ ಬಫಲೋ ಪ್ರದೇಶದಲ್ಲಿ ಹಿಮಬಿರುಗಾಳಿಗೆ 40ಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಕಾರಿನಲ್ಲಿ ಸಿಕ್ಕಿಬಿದ್ದವರು, ದಾರಿಯಲ್ಲಿ ಬಿದ್ದವರು, ಬಿಸಿಯಿಲ್ಲದ ಮನೆಯವರು, ಹಿಮ ತೆಗೆಯುವಾಗ ಎದೆನೋವು ಬಂದವರು. ಕರೆದರೂ ಆಂಬುಲೆನ್ಸು ಬರಲಾಗಲಿಲ್ಲ. ಹಾಲು ಮುಗಿಯಿತೆಂದು ಕಾರು ತೆಗೆಯುವುದು ಬೇಡ. ಅಳಿಯ ಹಿಮ ತೆಗೆಯುವಾಗ ಎತ್ತಿ ಎಸೆಯದೆ ಸಲಿಕೆಯಲ್ಲಿ ತಳ್ಳಲಿ, ನಡುನಡುವೆ ಒಳಗೆ ಬಂದು ಕೂರಲಿ. ಬೆರಳು ಬಿಳುಚಿ ಮರಗಟ್ಟಿದರೆ ಉಜ್ಜಬಾರದು, ಉಗುರುಬೆಚ್ಚಗಿನ ನೀರಿನಲ್ಲಿಡಬೇಕು.

ನೀರ್ಚಾಲಿನಿಂದ

ಎಲ್ಲವನ್ನೂ ಬರೆದು ಕಳುಹಿಸಿದೆ. ಮಗಳ ಅಮ್ಮ ಟಿವಿ ನೋಡಿ ಗಂಟೆಗೊಮ್ಮೆ ಫೋನ್ ಮಾಡುತ್ತಿದ್ದಾಳೆ, ಏನು ಮಾಡಲಿ?

ಬದಿಯಡ್ಕದಿಂದ

ಅಕ್ಕನ ಹೆದರಿಕೆ ಸಹಜ. ಆದರೆ ಕರೆಂಟಿಲ್ಲದ ಮನೆಯಲ್ಲಿ ಆ ಫೋನಿನ ಚಾರ್ಜು 911ಕ್ಕೆ ಬೇಕು. ನಮ್ಮ ರಾತ್ರಿ ಏಳೂವರೆಗೆ ಅಲ್ಲಿ ಬೆಳಿಗ್ಗೆ ಒಂಬತ್ತು. ಆ ಹೊತ್ತಿಗೆ ಮಗಳು "ಎಲ್ಲರೂ ಕ್ಷೇಮ" ಅಂತ ಒಂದು ಮೆಸೇಜು ಹಾಕಲಿ. ಒಂದು ದಿನ ಬರದಿದ್ದರೆ ಟವರು ಹೋಗಿರುವುದೂ ಉಂಟು, ನಮ್ಮಲ್ಲಿ ಗಾಳಿಮಳೆಗೆ ಹೋಗುವ ಹಾಗೆಯೇ. ಪಕ್ಕದ ಮನೆಯವರ ನಂಬರು ಈಗಲೇ ತೆಗೆದಿಟ್ಟುಕೊಳ್ಳಿ.