ಮೊದಲು ಪಿಂಕಿ ಪಾಸ್‌ಪೋರ್ಟ್ ನೋಡಮ್ಮ

ಪದ್ಮಾ, ನಿನ್ನ ಮೆಸೇಜ್ ಈಗ ನೋಡಿದೆ. ಮೇ ರಜೆಗೆ ಮಕ್ಕಳನ್ನು ಸಿಂಗಾಪುರದ ಥೀಮ್ ಪಾರ್ಕ್ ಯೂನಿವರ್ಸಲ್ ಸ್ಟುಡಿಯೋಸ್‌ಗೆ ಕರೆದುಕೊಂಡು ಹೋಗಬೇಕು, ದುಡ್ಡು ಕೈ ಮೀರುತ್ತೇನೋ ಅಂತ ಭಯ ಅಂದಿದ್ದೀಯ. ದುಡ್ಡಿನ ಮಾತು ಇರಲಿ. ಮೊದಲು ಪಿಂಕಿ ಪಾಸ್‌ಪೋರ್ಟ್ ತೆಗೆದು ಕೊನೆಯ ತಾರೀಖು ನೋಡು.

ನಾವು ಮಲೇಷ್ಯಾಕ್ಕೆ ಹೊರಟ ಕಥೆ ನಿಮಗೆಲ್ಲ ಗೊತ್ತೇ ಇದೆ ಅಲ್ವಾ. ಲೆಗೋಲ್ಯಾಂಡ್ ನೋಡಬೇಕು ಅಂತ ಚಿರು ಒಂದು ತಿಂಗಳಿಂದ ಜೀವ ತಿಂದಿದ್ದ. ಹಾಲಿನವನಿಗೆ ಒಂದು ವಾರ ಬೇಡ ಅಂದು, ಎದುರುಮನೆಯವರಿಗೆ ಬೀಗದ ಕೀ ಕೊಟ್ಟು, ರಾತ್ರಿಯೇ ಹೊರಟೆವು. ಕೌಂಟರಿನ ಹುಡುಗಿ ಪಾಸ್‌ಪೋರ್ಟ್ ಒಂದೊಂದಾಗಿ ತಿರುವಿದಳು. ಚಿರುದನ್ನು ಮಾತ್ರ ಎರಡು ಸಲ ನೋಡಿದಳು. ಇನ್ನು ನಾಲ್ಕೇ ತಿಂಗಳಿದೆ, ಆರು ತಿಂಗಳಾದರೂ ಇರಬೇಕು ಮೇಡಂ ಅಂದಳು. ಎಲ್ಲರದೂ ಒಟ್ಟಿಗೆ ಮಾಡಿಸಿದ್ದು, ಒಟ್ಟಿಗೇ ಮುಗಿಯುತ್ತೆ ಅಂದುಕೊಂಡಿದ್ದೆವು. ನಮ್ಮದು 10 ವರ್ಷ, ಮಕ್ಕಳದು 5 ವರ್ಷ! ವೀಸಾ ಬೇಕಿರಲಿಲ್ಲ ಅಂತ ಖುಷಿಪಟ್ಟೆವಲ್ಲ, ಅದೇ ಮುಳುವಾಯ್ತು. ಬೇಕಾಗಿದ್ದರೆ ಯಾರಾದರೂ ಮೊದಲೇ ನೋಡಿರುತ್ತಿದ್ದರು.

ದೇವನಹಳ್ಳಿಯಿಂದ ಚಿಕ್ಕಬಳ್ಳಾಪುರಕ್ಕೆ ಎಷ್ಟು ಹೊತ್ತು ಬೇಕು? ಬೆಳಗ್ಗೆ ಕೀ ವಾಪಸ್ ಕೇಳಲು ಹೋದರೆ, ಎದುರುಮನೆಯಾಕೆ ಬಾಯಲ್ಲಿ ಬ್ರಷ್ ಇಟ್ಟುಕೊಂಡೇ, ಇಷ್ಟು ಬೇಗ ನೋಡಿ ಬಂದ್ರಾ ಅಂದರು. ಮನೆಯಲ್ಲಿ ಕಾಫಿಗೆ ಹಾಲಿಲ್ಲ. ಚಿರು ಬೆನ್ನಿಗೆ ಹಾಕಿಕೊಂಡ ಬ್ಯಾಗ್ ಬಿಚ್ಚದೆ ಸೋಫಾ ಮೇಲೆ ಹಾಗೇ ಮಲಗಿಬಿಟ್ಟ.

ಅದಕ್ಕೇ ಹೇಳುತ್ತಿದ್ದೇನೆ, ಪಿಂಕಿ ಪಾಸ್‌ಪೋರ್ಟ್ ನೋಡದೆ ಟಿಕೆಟ್‌ಗೆ ಕೈ ಹಾಕಬೇಡ.

ಇದರಲ್ಲಿ ನನ್ನ ತಪ್ಪೇನಿತ್ತು ಹೇಳು. ಬುಕಿಂಗ್ ಮಾಡಿದವನು ಮನು. ಆದರೆ ಗೃಹಪ್ರವೇಶದಲ್ಲಿ ಕೆಲವರು, ದೊಡ್ಡಮ್ಮನ ಉಪ್ಪಿನಕಾಯಿ ಡಬ್ಬಿ ನೋಡಿ ಏರ್‌ಪೋರ್ಟಿನವರು ತಡೆದರು ಅಂತ ಹೇಳಿಕೊಂಡು ನಕ್ಕರಂತೆ. ಡಬ್ಬಿಯನ್ನು ಯಾರೂ ಮುಟ್ಟಿಯೂ ನೋಡಲಿಲ್ಲ. ಹಾಗೆ ಹೇಳಿದವರು ಈ ಗ್ರೂಪಿನಲ್ಲೇ ಇದ್ದಾರೆ, ಕೇಳಿಸಿಕೊಳ್ಳಲಿ. ಆ ಉಪ್ಪಿನಕಾಯಿಯಲ್ಲಿ ಅರ್ಧ ಅವರ ಮನೆಗೇ ಹೋಯಿತು.

ಏನು ಕೇಳಿದ್ದೆ ನೀನು? ಹಾಂ, ದುಡ್ಡು. ಆಮೇಲೆ ಮನು ಸಿಂಗಾಪುರಕ್ಕೂ ಕರೆದುಕೊಂಡು ಹೋದ, ಅದರಿಂದ ಹೇಳುತ್ತೇನೆ. ಯೂನಿವರ್ಸಲ್ ಒಳಗೆ ಹೋಗಲು 4 ವರ್ಷ ತುಂಬದ ಮಕ್ಕಳಿಗೆ ಟಿಕೆಟ್ ಬೇಕಿಲ್ಲ. ನಿನ್ನ ಚಿಕ್ಕವನಿಗೆ ಆಗಸ್ಟ್‌ನಲ್ಲಿ ತಾನೇ ನಾಲ್ಕು? ಮೇ ತಿಂಗಳಲ್ಲೇ ಹೋಗು. ಪಿಂಕಿಯನ್ನು ಗೋಡೆಗೆ ನಿಲ್ಲಿಸಿ ಅಳೆದುಕೋ, ಮಮ್ಮಿ ಅನ್ನುವ ರೋಲರ್ ಕೋಸ್ಟರ್ ರೈಡ್‌ಗೆ 122 ಸೆಂಟಿಮೀಟರ್ ಇರಬೇಕು, ಇಲ್ಲದಿದ್ದರೆ ಅಲ್ಲಿ ಅಳುತ್ತಾಳೆ. ಕ್ಯೂ ತಪ್ಪಿಸುವ ಎಕ್ಸ್‌ಪ್ರೆಸ್ ಪಾಸ್ ಸುಮ್ನೆ ದಂಡ, ಶನಿವಾರ ಭಾನುವಾರ ಬಿಟ್ಟು ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಇರಿ. ವಿವೋಸಿಟಿ ಮಾಲ್‌ನಿಂದ ಯೂನಿವರ್ಸಲ್ ಇರುವ ಸೆಂಟೋಸಾ ದ್ವೀಪಕ್ಕೆ ನಡೆದೇ ಹೋಗಬಹುದು. ಲಿಟಲ್ ಇಂಡಿಯಾದಲ್ಲಿ ರೂಮ್ ಮಾಡಿದರೆ ಇಡ್ಲಿ ದೋಸೆ ಸಿಗುತ್ತೆ, ನಲ್ಲಿ ನೀರನ್ನೇ ಬಾಟಲಿಗೆ ಹಿಡಿದುಕೊಳ್ಳಬಹುದು. ವೀಸಾಕ್ಕೆ ಏಜೆಂಟ್ ಹತ್ತಿರ ಹೋಗಬೇಕು. ಆದರೆ ಇಳಿಯುವುದಕ್ಕೆ ಮುಂಚಿನ ಮೂರು ದಿನದೊಳಗೆ ತುಂಬುವ ಅರೈವಲ್ ಕಾರ್ಡ್ ಫ್ರೀ, ಅದಕ್ಕೆ ದುಡ್ಡು ಕೇಳುವ ವೆಬ್‌ಸೈಟ್‌ಗೆ ಹೋಗಬೇಡ.

ತಾರೀಖು ನೋಡಿ ನನಗೆ ಹೇಳು. ಫೋಟೋ ತೆಗೆದು ಗ್ರೂಪಿಗೆ ಮಾತ್ರ ಹಾಕಬೇಡ.