ಸಿಸ್ಟರನ್ನು ಕೇಳಿ: ಪುಟ್ಟ ಮಗುವನ್ನು ಕ್ರೂಸ್‌ಗೆ ಕರ್ಕೊಂಡು ಹೋಗಬಹುದಾ?

ಅಡ್ಮಿನ್: ಈ ಭಾನುವಾರದ ಪ್ರಶ್ನೋತ್ತರಕ್ಕೆ ನಮ್ಮ ಗುಂಪಿನವರೇ ಆದ ಸಿಸ್ಟರ್ ಸಿಕ್ಕಿದ್ದಾರೆ. ಕ್ರೂಸ್ ಹಡಗಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು, ಈಗ ಉಪ್ಪಳದ ಹತ್ತಿರ ಇದ್ದಾರೆ. ಚಿಕ್ಕ ಮಕ್ಕಳಿರುವವರು ಕೇಳಿ. ಗುಡ್ ಮಾರ್ನಿಂಗ್ ಫೋಟೊ ಇವತ್ತೊಂದು ದಿನ ಬೇಡ.

ಬದಿಯಡ್ಕದಿಂದ ಒಬ್ಬರು ಅಮ್ಮ: ಸಿಸ್ಟರ್, ಮಗಳಿಗೆ 14 ತಿಂಗಳು. ನಡೆಯಲು ಕಲಿತಿದ್ದಾಳೆ, ಸರಿಯಾಗಿ ಹೇಳಬೇಕೆಂದರೆ ಓಡಲು. ಮೈದುನ ದುಬೈಯಿಂದ ಡಿಸೆಂಬರ್‌ನಲ್ಲಿ ಬರುತ್ತಾನೆ. ಎಲ್ಲರೂ ಸೇರಿ ಮುಂಬೈಯಿಂದ ಲಕ್ಷದ್ವೀಪದ ಕ್ರೂಸ್‌ಗೆ ಹೋಗೋಣ ಅಂತಿದ್ದಾನೆ. ಅತ್ತೆಗೆ ಮನಸ್ಸಿಲ್ಲ. ಹೋಗಬಹುದಾ?

ಸಿಸ್ಟರ್: ಹೋಗಬಹುದು ಅಕ್ಕ. ಆದರೆ ಹಡಗಿಗೆ ಎಲ್ಲಕ್ಕಿಂತ ಕಷ್ಟದ ಪ್ರಾಯ ಇದೇ. ಆರು ತಿಂಗಳು ದಾಟಿ ಇನ್ನೂ ನಡೆಯದ ಮಗು ಸುಲಭ, ಎತ್ತಿಕೊಂಡಲ್ಲಿಗೆ ಬರುತ್ತದೆ. ಮೂರು ವರ್ಷ ದಾಟಿದ್ದೂ ಸುಲಭ. ನಡುವಿನದ್ದೇ ತಲೆನೋವು. ಕಾಲು ಬಂದಿರುತ್ತದೆ, ಬುದ್ಧಿ ಬಂದಿರುವುದಿಲ್ಲ, ಡೈಪರ್ ಬಿಟ್ಟಿರುವುದಿಲ್ಲ.

ಈ ಡೈಪರ್ ವಿಷಯ ಬುಕ್ ಮಾಡುವಾಗ ಯಾರೂ ಹೇಳುವುದಿಲ್ಲ. ಡೈಪರ್ ಹಾಕುವ ಮಗುವನ್ನು ಹಡಗಿನ ಈಜುಕೊಳಕ್ಕೆ ಇಳಿಸಲು ಸಾಮಾನ್ಯವಾಗಿ ಬಿಡುವುದಿಲ್ಲ, ನೀರಿಗೆಂದೇ ಮಾಡಿದ ಸ್ವಿಮ್ ಡೈಪರ್ ಹಾಕಿದರೂ ಇಲ್ಲ. ಕೆಲವು ಹಡಗುಗಳಲ್ಲಿ ಪುಟ್ಟ ಮಕ್ಕಳಿಗೆ ಬೇರೆಯೇ ಕಾರಂಜಿ ಜಾಗ ಇರುತ್ತದೆ, ಕೇಳಿ ನೋಡಿ. ಮಕ್ಕಳ ಕ್ಲಬ್ಬಿಗೂ ಹೆಚ್ಚಿನ ಕಡೆ 3 ವರ್ಷ ಆಗಿರಬೇಕು, ಶೌಚಕ್ಕೆ ತಾನೇ ಹೇಳಬೇಕು. ಡಿಸ್ನಿ ಹಡಗುಗಳಲ್ಲಿ, ರಾಯಲ್ ಕೆರಿಬಿಯನ್‌ನ ಹಲವು ಹಡಗುಗಳಲ್ಲಿ 6 ತಿಂಗಳಿನಿಂದ 3 ವರ್ಷದವರೆಗಿನವರನ್ನು ಗಂಟೆ ಲೆಕ್ಕದಲ್ಲಿ ಹಣ ಕೊಟ್ಟು ಬಿಡುವ ನರ್ಸರಿ ಇದೆ. ಎಲ್ಲ ಹಡಗಿನಲ್ಲೂ ಇರುತ್ತದೆ ಎಂದುಕೊಳ್ಳಬೇಡಿ. ಅಂದರೆ ಮಗಳ ಹಿಂದೆ ಸದಾ ಒಬ್ಬರು ಓಡುತ್ತಿರಬೇಕು. ಮೈದುನ, ಓರಗಿತ್ತಿ ಸರದಿ ತೆಗೆದುಕೊಳ್ಳುತ್ತಾರಾದರೆ ಹೊರಡಿ. ಇಲ್ಲದಿದ್ದರೆ ನೀವು ಬರೀ ಮಗುವನ್ನು ಹಿಡಿದುಕೊಂಡು ವಾಪಸ್ ಬರುತ್ತೀರಿ, ಅಷ್ಟೇ.

ಕ್ಯಾಬಿನ್ ಬಗ್ಗೆಯೂ ಹೇಳುತ್ತೇನೆ. ಮುಂಬೈಯಿಂದ ಹೊರಡುವ, ಕೊರ್ಡೆಲಿಯಾ ಎಂಬ ಕ್ರೂಸ್ ಕಂಪನಿಯ ಎಂಪ್ರೆಸ್ 1990ರಲ್ಲಿ ಕಟ್ಟಿದ ಹಡಗು. ಆ ಕಾಲದ ಹಡಗುಗಳಲ್ಲಿ ಕ್ಯಾಬಿನ್ ಸಣ್ಣದು. ಮಂಚ ಬಿಟ್ಟರೆ ಮಗು ಆಡಲು ಒಂದು ಚಾಪೆಯಷ್ಟು ಜಾಗ. ಬಚ್ಚಲಿನ ಬಾಗಿಲಲ್ಲಿ ಎತ್ತರದ ಹೊಸ್ತಿಲು ಇರುತ್ತದೆ, ಹೊಸದಾಗಿ ನಡೆಯುವ ಮಕ್ಕಳು ಮೊದಲ ದಿನವೇ ಅದಕ್ಕೆ ಎಡವಿ ಹಣೆ ಊದಿಸಿಕೊಂಡು ನಮ್ಮ ಹತ್ತಿರ ಬರುತ್ತಿದ್ದವು. ಕ್ಯಾಬಿನ್ ಬಾಗಿಲು ಬೆಂಕಿ ತಡೆಯುವಂಥದ್ದು. ಭಾರ, ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಬೆರಳು ಜೋಪಾನ. ಟಾಯ್ಲೆಟ್ ಗಾಳಿ ಎಳೆಯುವ ಜಾತಿಯದ್ದು, ಫ್ಲಶ್ ಒತ್ತಿದರೆ 'ಘರ್ರ್' ಎಂದು ದೊಡ್ಡವರೇ ಬೆಚ್ಚುತ್ತಾರೆ. ಮಗುವನ್ನು ಹೊರಗೆ ಕಳಿಸಿ ಒತ್ತಿ. ಡೈಪರ್, ವೈಪ್ಸ್ ಅದರೊಳಗೆ ಹಾಕಲೇಬೇಡಿ, ಕಟ್ಟಿಕೊಂಡರೆ ಅಕ್ಕಪಕ್ಕದ ಕ್ಯಾಬಿನಿನವರಿಗೂ ತೊಂದರೆ. ಬಾಲ್ಕನಿ ಕ್ಯಾಬಿನ್ ಆದರೆ ಕುರ್ಚಿಯನ್ನು ಕಂಬಿಯ ಹತ್ತಿರ ಬಿಡಬೇಡಿ. ಈ ಪ್ರಾಯದ ಮಗು ಇದ್ದರೆ ನಾನಂತೂ ಬಾಲ್ಕನಿಯೇ ಬೇಡ ಎನ್ನುತ್ತೇನೆ.

ಬದಿಯಡ್ಕದ ಅಮ್ಮ: ಲಕ್ಷದ್ವೀಪದಲ್ಲಿ ಇಳಿಯುವುದು ಹೇಗೆ? ಬೋಟಿನಲ್ಲಿ ಅಂತ ಕೇಳಿದೆ.

ಸಿಸ್ಟರ್: ಹೌದು. ಹವಳದ ದಿಬ್ಬ, ಒಳಗೆ ಆಳವಿಲ್ಲದ ನೀರು. ದೊಡ್ಡ ಹಡಗು ದ್ವೀಪದ ದಡಕ್ಕೆ ಬರಲಾಗುವುದಿಲ್ಲ, ಹೊರಗೇ ನಿಲ್ಲುತ್ತದೆ. ಹಡಗಿನ ಪಕ್ಕದ ಬಾಗಿಲು ತೆರೆದು ಸಣ್ಣ ಬೋಟಿಗೆ ಇಳಿಸುತ್ತಾರೆ. ಬೋಟು ಒಮ್ಮೆ ನಿಮ್ಮ ಕಾಲಿನ ಮಟ್ಟಕ್ಕೆ ಬರುತ್ತದೆ, ಮರುಕ್ಷಣ ಮೊಣಕಾಲಿನಷ್ಟು ಕೆಳಗಿಳಿಯುತ್ತದೆ. ಆ ಕಡೆ ಈ ಕಡೆ ಇಬ್ಬರು ಹುಡುಗರು ನಿಂತು ತೋಳು ಹಿಡಿದು 'ಈಗ' ಎಂದಾಗ ದಾಟಬೇಕು. ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ದಾಟುವ ಜಾಗ ಅಲ್ಲ ಅದು. ಎದೆಗೆ ಕಟ್ಟುವ ಬೇಬಿ ಕ್ಯಾರಿಯರ್ ಇರಲಿ, ಎರಡೂ ಕೈ ಖಾಲಿ ಇರಲಿ. ಮಗುವಿನ ಅಳತೆಯ ಲೈಫ್ ಜಾಕೆಟನ್ನೂ ಯಾವಾಗ, ಹೇಗೆ ಹಾಕಬೇಕು ಎಂದು ಆ ಹುಡುಗರನ್ನೇ ಕೇಳಿ. ನೀರು ಜೋರಿದ್ದರೆ ಆ ದಿನ ಹಡಗಿನಲ್ಲೇ ಇರಿ. ಎಲ್ಲರೂ ಇಳಿದು ಹೋದ ಮೇಲೆ ಡೆಕ್ ಖಾಲಿ ಇರುತ್ತದೆ, ಮಗುವಿಗೆ ಓಡಲು ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ.

ಡಿಸೆಂಬರ್ ಒಳ್ಳೆಯ ತಿಂಗಳು. ಜೂನ್‌ನಿಂದ ಸೆಪ್ಟೆಂಬರ್ ಅರಬ್ಬೀ ಸಮುದ್ರ ಹೇಗಿರುತ್ತದೆ ಎಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ.

ಕುಂಬಳೆಯಿಂದ ಒಬ್ಬರು ಅಪ್ಪ: ಸಿಸ್ಟರ್, ನಮ್ಮ ಮಗನಿಗೆ ನಾಲ್ಕು ತಿಂಗಳು. ಬರೀ ಎದೆಹಾಲು. ಹಾಗಾದರೆ ನಮಗೆ ಇನ್ನೂ ಸುಲಭ ಅಲ್ವಾ?

ಸಿಸ್ಟರ್: ಇಲ್ಲ ಅಣ್ಣ, ನಿಲ್ಲಿ. ದೊಡ್ಡ ಕಂಪನಿಗಳಲ್ಲಿ ಹೆಚ್ಚಿನವು ಹಡಗು ಹತ್ತುವ ದಿನ ಮಗುವಿಗೆ 6 ತಿಂಗಳು ಆಗಿರಬೇಕು ಎನ್ನುತ್ತವೆ. ಸಾಗರ ದಾಟುವಂಥ ಉದ್ದ ಪ್ರಯಾಣಕ್ಕೆ 12 ತಿಂಗಳು. ಬುಕ್ ಮಾಡಿದ ದಿನದ ಪ್ರಾಯ ಅಲ್ಲ, ಹತ್ತುವ ದಿನದ್ದು. ಸುಮ್ನೆ ಇಟ್ಟ ನಿಯಮ ಅಲ್ಲ ಅದು. ಹಡಗಿನಲ್ಲಿ ಡಾಕ್ಟರ್ ಇರುತ್ತಾರೆ, ನಾವು ನರ್ಸ್‌ಗಳಿರುತ್ತೇವೆ. ಎಕ್ಸ್‌ರೇ ತೆಗೆಯಬಹುದು, ರಕ್ತ ನೋಡಬಹುದು, ಡ್ರಿಪ್ ಹಾಕಬಹುದು. ಆದರೆ ಮಕ್ಕಳ ಡಾಕ್ಟರ್ ಸಾಮಾನ್ಯವಾಗಿ ಇರುವುದಿಲ್ಲ, ಎಳೆಗೂಸಿನ ಐಸಿಯು ಇರುವುದಿಲ್ಲ. ಇಲ್ಲಿ ರಾತ್ರಿ ಮಗುವಿಗೆ ಜ್ವರ ಏರಿದರೆ ಏನು ಮಾಡುತ್ತೀರಿ? ಕಾರು ತೆಗೆದು ಮಂಗಳೂರಿಗೆ ಹೋಗುತ್ತೀರಿ. ನಡುಸಮುದ್ರದಲ್ಲಿ ಆ ದಾರಿ ಇಲ್ಲ. ಹಡಗು ಹತ್ತಿರದ ಬಂದರಿಗೆ ತಿರುಗಬೇಕು, ಅಥವಾ ಹೆಲಿಕಾಪ್ಟರ್ ಬರಬೇಕು. ಎರಡಕ್ಕೂ ಗಂಟೆಗಟ್ಟಲೆ ಹಿಡಿಯುತ್ತದೆ.

ಹಾಗಾಗಿ ಯಾರೇ ಆಗಲಿ ಮಗುವಿನ ಜೊತೆ ಹೋಗುವಾಗ ಮೂರು ರಾತ್ರಿಯ ಪ್ರಯಾಣ ನೋಡಿ, ದಿನ ಬಿಟ್ಟು ದಿನವಾದರೂ ಬಂದರು ಸಿಗುವಂಥದ್ದು. ಏಳು ರಾತ್ರಿಯದ್ದು ಅಗ್ಗ ಎಂದು ಬೀಳಬೇಡಿ. ಹಡಗಿನ ಆಸ್ಪತ್ರೆಯ ಬಿಲ್ ಟಿಕೆಟಿನಲ್ಲಿ ಸೇರಿರುವುದಿಲ್ಲ. ಟ್ರಾವೆಲ್ ಇನ್ಶೂರೆನ್ಸ್ ಮಾಡಿಸಿ, ಮಗುವಿನ ಹೆಸರಿದೆಯಾ ನೋಡಿ, ಸಮುದ್ರದಿಂದ ಎತ್ತಿಕೊಂಡು ಹೋಗುವ ಖರ್ಚು ಸೇರಿದೆಯಾ ನೋಡಿ.

ಮಂಜೇಶ್ವರದಿಂದ ಒಬ್ಬರು ಅಜ್ಜಿ: ಮೊಮ್ಮಗನಿಗೆ ಒಂದೂವರೆ ವರ್ಷ. ಬಸ್ಸಿನಲ್ಲಿ ನಮಗೆಲ್ಲ ಅರ್ಧ ಅವೋಮಿನ್ ಕೊಟ್ಟರೆ ವಾಂತಿ ನಿಲ್ಲುತ್ತದೆ. ಅವನಿಗೆ ಕಾಲು ಮಾತ್ರೆ ಸಾಕಾ ಮಗಳೇ?

ಸಿಸ್ಟರ್: ಕಾಲೂ ಬೇಡಮ್ಮ, ಚೂರೂ ಬೇಡ. ಅವೋಮಿನ್‌ನಲ್ಲಿರುವ ಪ್ರೊಮೆಥಜಿನ್ ಎರಡು ವರ್ಷದೊಳಗಿನ ಮಕ್ಕಳಿಗೆ ಕೊಡುವಂಥದ್ದಲ್ಲ, ಉಸಿರಾಟವೇ ನಿಧಾನ ಆಗುವ ಅಪಾಯ ಇದೆ. ಮಗು 'ಚೆನ್ನಾಗಿ ಮಲಗಿದ' ಎಂದು ನಾವು ಅಂದುಕೊಳ್ಳುವುದು ಅದೇ. ಸಮಾಧಾನದ ವಿಷಯ ಏನೆಂದರೆ ಎರಡು ವರ್ಷದೊಳಗಿನವರಿಗೆ ಹಡಗಿನ ಓಲಾಟ ಅಷ್ಟಾಗಿ ತಟ್ಟುವುದಿಲ್ಲ. ಎರಡರಿಂದ ಹನ್ನೆರಡರವರೆಗಿನವರಿಗೆ ಜಾಸ್ತಿ. ನಿಜವಾದ ಪಂಚಾಯ್ತಿ ಬೇರೆ ಇದೆ: ಅಪ್ಪ ಅಮ್ಮ ಇಬ್ಬರೂ ತಲೆ ಸುತ್ತಿ ಮಲಗಿರುತ್ತಾರೆ, ಮಗು ಮಾತ್ರ ಅವರ ಮೇಲೆ ಹತ್ತಿ ಇಳಿದು ಆಡುತ್ತಿರುತ್ತದೆ! ಯಾರಿಗೆ ತೊಳಸುವುದಿಲ್ಲವೋ ಅವರನ್ನು ಜೊತೆಗೆ ಕರ್ಕೊಂಡು ಹೋಗಿ. ಕ್ಯಾಬಿನ್ ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ತೆಗೆದುಕೊಂಡರೆ ಓಲಾಟ ಕಡಿಮೆ. ಮೇಲ್ಗಡೆ ಡಾನ್ಸ್ ಹಾಲ್ ಇಲ್ಲ ಎಂದು ಖಾತ್ರಿ ಮಾಡಿಕೊಳ್ಳಿ.

ಬದಿಯಡ್ಕದ ಅಮ್ಮ: ಅವಳಿಗೆ ಬೆಳಿಗ್ಗೆ ರಾಗಿ ಮಣ್ಣಿ ಆಗಲೇಬೇಕು. ಸಣ್ಣ ಎಲೆಕ್ಟ್ರಿಕ್ ಕೆಟಲ್ ತಂದರೆ ಕ್ಯಾಬಿನಿನಲ್ಲೇ ಮಾಡಬಹುದಲ್ಲ?

ಸಿಸ್ಟರ್: ಕೆಟಲ್ ಗೇಟಿನಲ್ಲೇ ತೆಗೆದಿಡುತ್ತಾರೆ ಅಕ್ಕ. ಕೆಟಲ್, ಇಸ್ತ್ರಿ ಪೆಟ್ಟಿಗೆ, ರೈಸ್ ಕುಕ್ಕರ್, ಬಿಸಿ ಮಾಡುವ ಯಾವುದನ್ನೂ ಬಿಡುವುದಿಲ್ಲ. ಹಡಗಿನಲ್ಲಿ ಎಲ್ಲಕ್ಕಿಂತ ದೊಡ್ಡ ಭಯ ಬೆಂಕಿಯದ್ದು. ಒಂದು ಒಳ್ಳೆಯ ಸ್ಟೀಲ್ ಫ್ಲಾಸ್ಕ್ ತನ್ನಿ. ಕುದಿಯುವ ನೀರನ್ನು ಅಡುಗೆಮನೆಯಿಂದ ತುಂಬಿಸಿಕೊಡಲು ಹೇಳಿ. ಬಫೆಯ ಚಹಾ ನಲ್ಲಿಯ ನೀರು ಎಷ್ಟು ಬಿಸಿ ಇರುತ್ತದೆ ಎಂದು ನಂಬಲಾಗುವುದಿಲ್ಲ. ಫಾರ್ಮುಲಾ ಹಾಲು ಕೊಡುವವರಿಗೆ ಇದು ಮುಖ್ಯ, ಪುಡಿಯನ್ನು 70 ಡಿಗ್ರಿಗೆ ಕಡಿಮೆಯಿಲ್ಲದ ನೀರಿನಲ್ಲಿ ಕಲಸಿ ಆಮೇಲೆ ತಣಿಸಬೇಕು.

ಇನ್ನು ರಾಗಿ. ಅಂಗಡಿಯ ಸೀಲ್ ಇರುವ ಪ್ಯಾಕೆಟ್ ಆದರೆ ಬಿಡುತ್ತಾರೆ. ಮನೆಯಲ್ಲಿ ತೊಳೆದು ಒಣಗಿಸಿ ಬೀಸಿದ ಪುಡಿ, ನೇಂದ್ರಕಾಯಿ ಪುಡಿ ಇವನ್ನು ಕೆಲವು ಕಂಪನಿಗಳು ಒಳಗೆ ಬಿಡುವುದಿಲ್ಲ, ಮೊದಲೇ ಇಮೇಲ್ ಹಾಕಿ ಕೇಳಿ. ಫ್ಲಾಸ್ಕಿನ ನೀರಿನಲ್ಲಿ ಹಸಿ ರಾಗಿ ಬೇಯುವುದಿಲ್ಲ. ಹುರಿದು ಬೇಯಿಸಿ ಮಾಡಿದ, ಬಿಸಿನೀರು ಹಾಕಿದರೆ ಸಾಕು ಎನ್ನುವಂಥದ್ದನ್ನೇ ತೆಗೆದುಕೊಳ್ಳಿ. ಇಲ್ಲದಿದ್ದರೆ ಮೊದಲ ರಾತ್ರಿಯೇ ಊಟದ ಹಾಲಿನ ಮುಖ್ಯಸ್ಥರನ್ನು ಹಿಡಿಯಿರಿ. ಮರುದಿನದಿಂದ ಉಪ್ಪಿಲ್ಲದ ಅನ್ನ, ಬೇಳೆ ಮೆತ್ತಗೆ ಮಾಡಿಸಿ ಕೊಡುತ್ತಾರೆ. ಅಡುಗೆಮನೆಯಲ್ಲಿ ಮಂಗಳೂರು, ಉಡುಪಿ, ಗೋವಾ ಕಡೆಯ ಹುಡುಗರು ಇದ್ದೇ ಇರುತ್ತಾರೆ. ಕನ್ನಡದಲ್ಲೋ ತುಳುವಿನಲ್ಲೋ ಮಾತಾಡಿಸಿ, ಕೆಲಸ ಬೇಗ ಆಗುತ್ತದೆ.

ಮತ್ತೆ, ಬಫೆಯಲ್ಲಿ ಜೇನುತುಪ್ಪ ಇರುತ್ತದೆ. ಒಂದು ವರ್ಷದೊಳಗಿನ ಮಗುವಿಗೆ ಒಂದು ಹನಿಯೂ ಬೇಡ. ಮನೆಯಲ್ಲಿ ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸುವವರಿಗೂ ಇದನ್ನೇ ಹೇಳುತ್ತೇನೆ, ಬೈಯ್ಯಬೇಡಿ.

ಮುಳ್ಳೇರಿಯದಿಂದ ಒಬ್ಬರು ಅಮ್ಮ: ನಮ್ಮವನು ಸೀರೆಯ ಜೋಲಿಯಲ್ಲಿ ಮಾತ್ರ ಮಲಗುವುದು. ಎಂಟು ತಿಂಗಳು. ಹಡಗಿನಲ್ಲಿ ಕೊಕ್ಕೆ ಇರುತ್ತದಾ?

ಸಿಸ್ಟರ್: ಇಲ್ಲ ತಂಗಿ. ಕ್ಯಾಬಿನಿನ ಗೋಡೆ ಲೋಹದ್ದು, ಅಯಸ್ಕಾಂತದ ಕೊಕ್ಕೆ ಅಂಟುತ್ತದೆ. ಅದಕ್ಕೆ ಟೊಪ್ಪಿ, ಚೀಲ ತೂಗು ಹಾಕಿ. ಮಗುವಿನ ಜೋಲಿ ಖಂಡಿತ ಅಲ್ಲ! ಬುಕ್ ಮಾಡುವಾಗಲೇ ಮಗುವಿನ ಮಂಚ ಬೇಕು ಎಂದು ಬರೆಸಿ, ಲೆಕ್ಕದಷ್ಟೇ ಇರುತ್ತವೆ. ಹೊರಡುವ ಕೆಲವು ವಾರ ಮೊದಲೇ ಮನೆಯಲ್ಲಿ ಹಗಲಿನ ನಿದ್ದೆಯನ್ನು ಚಾಪೆಯ ಮೇಲೆ ಅಭ್ಯಾಸ ಮಾಡಿಸಿ. ಹಡಗು ಹತ್ತಿದ ಮೇಲೆ ಕಲಿಸಲು ಹೋದರೆ ಆ ಕಾರಿಡಾರಿನಲ್ಲಿ ಯಾರಿಗೂ ನಿದ್ದೆ ಇಲ್ಲ. ಸ್ನಾನಕ್ಕೆ ಟಬ್ ಇರುವುದು ಕಡಿಮೆ, ಶವರ್ ಮಾತ್ರ. ಒಂದು ಚೊಂಬು ಹಾಕಿಕೊಳ್ಳಿ. ಎಣ್ಣೆ ಹಚ್ಚುವುದನ್ನು ಆ ನಾಲ್ಕು ದಿನ ಬಿಟ್ಟುಬಿಡಿ, ಓಲಾಡುವ ಬಚ್ಚಲಿನಲ್ಲಿ ಎಣ್ಣೆ ಮೈಯ ಮಗು ಕೈಯಲ್ಲಿ ನಿಲ್ಲುವುದಿಲ್ಲ.

ನೀಲೇಶ್ವರದಿಂದ ಒಬ್ಬರು: ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಇಷ್ಟೆಲ್ಲ ಯಾಕೆ, ನಮ್ಮ ಕೋಟ್ಟಪ್ಪುರದಿಂದ ವಲಿಯಪರಂಬ ಹಿನ್ನೀರಿಗೆ ಹೌಸ್‌ಬೋಟ್ ಇದೆಯಲ್ಲ?

ಸಿಸ್ಟರ್: ಒಳ್ಳೆ ಮಾತು ಅಣ್ಣ. ಮೊದಲ ಸಲದವರಿಗೆ ಅದೇ ಪರೀಕ್ಷೆ. ಒಂದು ಹಗಲು ಹೋಗಿ ನೋಡಿ, ಮಗು ನೀರಿನ ಮೇಲೆ ಹೇಗಿರುತ್ತದೆ, ನೀವು ಹೇಗಿರುತ್ತೀರಿ ಗೊತ್ತಾಗುತ್ತದೆ. ಆದರೆ ಹೌಸ್‌ಬೋಟಿನ ಅಂಚು ಕೆಲವು ಕಡೆ ತೆರೆದಿರುತ್ತದೆ, ಅಲ್ಲಿ ದೊಡ್ಡ ಹಡಗಿಗಿಂತ ಜಾಸ್ತಿ ಎಚ್ಚರ ಬೇಕು. ಮಗುವಿನ ಅಳತೆಯ ಲೈಫ್ ಜಾಕೆಟ್ ಇದೆಯಾ ಎಂದು ಹತ್ತುವ ಮೊದಲೇ ತೆಗೆಸಿ ನೋಡಿ. ದೊಡ್ಡವರದ್ದನ್ನು ಬಿಗಿದು ಕಟ್ಟಿದರೆ ಮಗು ಕೆಳಗಿನಿಂದ ಜಾರಿಹೋಗುತ್ತದೆ. ಕ್ರೂಸ್ ಹಡಗಿನಲ್ಲಿ 15 ಕಿಲೊ ಒಳಗಿನವರಿಗೆ ಬೇರೆಯೇ ಜಾಕೆಟ್ ಇರುತ್ತದೆ, ಹತ್ತಿದ ತಕ್ಷಣ ಕ್ಯಾಬಿನ್ ನೋಡಿಕೊಳ್ಳುವವರಿಗೆ ಹೇಳಿ ತರಿಸಿಕೊಳ್ಳಿ.

ಕುಂಬಳೆಯ ಅಪ್ಪ: ಹಾಗಾದರೆ ನಾವು ಮುಂದಿನ ವರ್ಷ ನೋಡುತ್ತೇವೆ. ಪಣಂಬೂರಿನಲ್ಲೂ ಕ್ರೂಸ್ ಹಡಗು ಬರುತ್ತದಲ್ಲ, ಅಲ್ಲೇ ಹತ್ತಲಾಗುತ್ತದಾ? ದಾಖಲೆ ಏನು ಬೇಕು?

ಸಿಸ್ಟರ್: ಅಲ್ಲಿಗೆ ಬರುವವು ಹೆಚ್ಚಾಗಿ ವಿದೇಶಿ ಪ್ರವಾಸಿಗರನ್ನು ಒಂದು ಹಗಲು ಮಂಗಳೂರು ಸುತ್ತಿಸಿ ಕರೆದುಕೊಂಡು ಹೋಗುವ ಹಡಗುಗಳು. ನಮಗೆ ಕೊಚ್ಚಿ ಅಥವಾ ಮುಂಬೈ. ಮಗುವಿನ ಜೊತೆ ಕೊಚ್ಚಿಯೇ ವಾಸಿ, ಕಾಸರಗೋಡಿನಿಂದ ಬೆಳಿಗ್ಗೆ ವಂದೇ ಭಾರತ್ ಹತ್ತಿದರೆ ಆಯ್ತು. ಹಡಗು ಹೊರಡುವ ದಿನವೇ ರೈಲು ಹತ್ತಬೇಡಿ, ಹಿಂದಿನ ದಿನ ಹೋಗಿ ಉಳಿಯಿರಿ. ದೇಶದೊಳಗಿನ ಪ್ರಯಾಣಕ್ಕೆ ಪಂಚಾಯತಿನ ಜನನ ಪ್ರಮಾಣಪತ್ರ, ಇದ್ದರೆ ನೀಲಿ ಬಾಲ ಆಧಾರ್ ಕೂಡ ಇಟ್ಟುಕೊಳ್ಳಿ. ಲಕ್ಷದ್ವೀಪಕ್ಕೆ ಪರ್ಮಿಟ್ ಬೇಕು, ಮಗುವಿನ ಹೆಸರು ಅದರಲ್ಲಿ ಬಿಟ್ಟುಹೋಗಿಲ್ಲ ತಾನೇ ನೋಡಿ. ಹೊರದೇಶಕ್ಕಾದರೆ ಎಷ್ಟು ಚಿಕ್ಕ ಮಗುವಾದರೂ ಅದರದ್ದೇ ಪಾಸ್‌ಪೋರ್ಟ್.

ಮಂಜೇಶ್ವರದ ಅಜ್ಜಿ: ಮದ್ದಿನ ಚೀಲದಲ್ಲಿ ಏನೇನು ಹಾಕಲಿ?

ಸಿಸ್ಟರ್: ನಿಮ್ಮ ಮಕ್ಕಳ ಡಾಕ್ಟರ್ ಹತ್ತಿರ ಮೊಮ್ಮಗನ ತೂಕಕ್ಕೆ ತಕ್ಕ ಹಾಗೆ ಜ್ವರದ ಮದ್ದು ಬರೆಸಿಕೊಳ್ಳಿ. ಥರ್ಮಾಮೀಟರ್ ಇರಲಿ. ಓಆರ್‌ಎಸ್ ಪುಡಿಯ ಪ್ಯಾಕೆಟ್ ಇರಲಿ, ಪೆಟ್ಟಿಗೆಯ ಸಿಹಿ ಡ್ರಿಂಕ್ ಅಲ್ಲ. ಒಂದು ಲೀಟರಿನ ಪ್ಯಾಕೆಟ್ ಆದರೆ ಪೂರ್ತಿ ಒಂದು ಲೀಟರ್ ನೀರಿಗೇ ಕಲಸಿ, ಅಂದಾಜಿನಲ್ಲಿ ಅರ್ಧ ಸುರಿಯಬೇಡಿ. 24 ಗಂಟೆ ಆದ ಮೇಲೆ ಉಳಿದದ್ದನ್ನು ಚೆಲ್ಲಿ. ಹಡಗಿನಲ್ಲಿ ವಾಂತಿ ಭೇದಿ ಹರಡಿಸುವ ನೋರೊ ವೈರಸ್‌ಗೆ ಕೈಗೆ ಹಚ್ಚುವ ಸ್ಯಾನಿಟೈಸರ್ ಅಷ್ಟಾಗಿ ನಾಟುವುದಿಲ್ಲ. ಸೋಪು, ನೀರು, ಅದೇ. ಲಿಫ್ಟಿನ ಗುಂಡಿ ಒತ್ತಿದ ಕೈಯನ್ನು ಮಗು ಬಾಯಿಗೆ ಹಾಕುತ್ತದಲ್ಲ, ಅಲ್ಲಿಂದಲೇ ಬರುವುದು. ಡೈಪರ್ ಬೇಕಾದ್ದಕ್ಕಿಂತ ಜಾಸ್ತಿ ತನ್ನಿ, ಹಡಗಿನ ಅಂಗಡಿಯಲ್ಲಿ ಸಿಕ್ಕರೆ ಸಿಕ್ಕಿತು, ಬೆಲೆ ಕೇಳಬೇಡಿ. ಲಸಿಕೆ ಯಾವುದಾದರೂ ಬಾಕಿ ಇದ್ದರೆ ಹೊರಡುವ ಮೊದಲೇ ಹಾಕಿಸಿ, ಮುಖ್ಯವಾಗಿ 9 ತಿಂಗಳಿನ ದಡಾರದ್ದು.

ಮುಳ್ಳೇರಿಯದ ಅಮ್ಮ: ತಳ್ಳುಗಾಡಿ ಬೇಕಾ?

ಸಿಸ್ಟರ್: ಬೇಕು, ಆದರೆ ಕೊಡೆಯ ಹಾಗೆ ಮಡಚುವ ಸಪೂರದ್ದು. ಅಗಲದ್ದು ಕ್ಯಾಬಿನ್ ಬಾಗಿಲಲ್ಲಿ ಹಿಡಿಯುವುದಿಲ್ಲ. ಕಾರಿಡಾರಿನಲ್ಲಿ ಬಿಟ್ಟರೆ ತೆಗೆಯಿರಿ ಎಂದು ಸಿಬ್ಬಂದಿ ಬಾಗಿಲು ಬಡಿಯುತ್ತಾರೆ, ಅದು ತುರ್ತಿನಲ್ಲಿ ಓಡುವ ದಾರಿ.